ತಂಡದ ಕೆಲಸಕ್ಕೆ ಇಮೇಲ್ ಸಾಕೇ, ಬೇರೆ ಏನಾದರೂ ಬೇಕೇ?

ಐದಾರು ಜನರ ತಂಡ, ಕೆಲಸವೆಲ್ಲ ಮೇಲ್‌ನಲ್ಲೇ ನಡೆಯುತ್ತಿದೆ. ಒಬ್ಬರು ಟ್ರೆಲ್ಲೋ (ಕೆಲಸಗಳನ್ನು ಬೋರ್ಡ್ ಮೇಲಿನ ಕಾರ್ಡ್‌ಗಳಂತೆ ತೋರಿಸುವ ತಂತ್ರಾಂಶ) ಹಾಕೋಣ ಅನ್ನುತ್ತಾರೆ. ಇನ್ನೊಬ್ಬರು ವಾಟ್ಸ್‌ಆ್ಯಪ್ ಗ್ರೂಪ್ ಇದೆಯಲ್ಲ, ಅದೇ ಸಾಕು ಅನ್ನುತ್ತಾರೆ. ಖರ್ಚುವೆಚ್ಚ ನೋಡುವವರಿಗೆ ದುಡ್ಡು ಕೇಳದ್ದು ಯಾವುದಾದರೂ ಸರಿ. ಇದರ ನಡುವೆ ಸಿಕ್ಕಿಕೊಂಡವರು ಕೇಳುವುದು ಒಂದೇ: ಯಾವುದನ್ನು ಆರಿಸಲಿ?

ಆರಿಸುವ ಮೊದಲು ಮೇಲ್‌ನ ತೊಡಕು ನಿಜವಾಗಿ ಎಲ್ಲಿದೆ ಎಂದು ನೋಡಬೇಕು. 1971ರಲ್ಲಿ ರೇ ಟಾಮ್ಲಿನ್ಸನ್ ಇಂಟರ್‌ನೆಟ್‌ನ ಪೂರ್ವಜವಾದ ಆರ್ಪಾನೆಟ್ ಜಾಲದಲ್ಲಿ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಸಂದೇಶ ಕಳಿಸಿದಾಗ ಅವರು ಮಾಡಿದ್ದು ಪತ್ರದ ವ್ಯವಸ್ಥೆ. ಇಂದಿಗೂ ಅದು ಪತ್ರವೇ. ಆರು ಜನರಿಗೆ ಮೇಲ್ ಹಾಕಿದರೆ ಆರು ಇನ್‌ಬಾಕ್ಸ್‌ಗಳಲ್ಲಿ ಆರು ಪ್ರತಿಗಳು ಕೂರುತ್ತವೆ, ಒಂದಕ್ಕೊಂದು ಸಂಬಂಧವಿಲ್ಲ. ನಾನು ಕೆಲಸ ಮುಗಿಸಿ ನನ್ನ ಪ್ರತಿಯನ್ನು ಆರ್ಕೈವ್ ಮಾಡಿದ್ದು ನಿಮ್ಮ ಪ್ರತಿಗೆ ಗೊತ್ತಾಗುವುದಿಲ್ಲ. ಹಾಗಾಗಿ ‘ಅದು ಆಯ್ತಾ?’ ಎಂದು ಕೇಳಲು ಇನ್ನೊಂದು ಮೇಲ್ ಬೇಕು, ‘ಆಯ್ತು’ ಅನ್ನಲು ಮತ್ತೊಂದು. ಕೆಳಗೆ ಹೇಳುವ ಪರ್ಯಾಯಗಳಲ್ಲಿ ಹೆಚ್ಚಿನವು ಬಿಡಿಸಲು ಹೊರಟಿರುವುದು ಇದೇ ಗಂಟನ್ನು: ಕೆಲಸದ ಸ್ಥಿತಿ ಎಲ್ಲರಿಗೂ ಕಾಣುವಂತೆ ಒಂದೇ ಕಡೆ ಇರಬೇಕು. ಅದಕ್ಕೆ ಒಂದೊಂದೂ ಕೇಳುವ ಬೆಲೆ ಬೇರೆ.

ಯಾವುದರಿಂದ ಅಳೆಯುವುದು

ಮೊದಲನೆಯದು ಹೆಸರು. ಈ ಕೆಲಸ ಯಾರದು ಎಂಬುದು ಯಾರನ್ನೂ ಕೇಳದೆ ಗೊತ್ತಾಗಬೇಕು. ಎರಡನೆಯದು ಸ್ಥಿತಿ: ಶುರುವಾಗಿದೆಯೋ, ಎಲ್ಲಿ ನಿಂತಿದೆ, ಯಾರಿಗಾಗಿ ಕಾಯುತ್ತಿದೆ. ಮೂರನೆಯದು ಗಡುವು. ಅದು ಹತ್ತಿರ ಬಂದಾಗ ನೆನಪಿಸುವವರು ಯಾರು, ಮನುಷ್ಯರೋ ತಂತ್ರಾಂಶವೋ? ನಾಲ್ಕನೆಯದು ಹೊರಗಿನವರು. ಗ್ರಾಹಕರು, ಮುದ್ರಕರು, ಲೆಕ್ಕಪರಿಶೋಧಕರು, ಬೇರೆ ಸಂಸ್ಥೆಯವರು ಹೊಸ ಖಾತೆ ತೆರೆಯದೆ ಪಾಲ್ಗೊಳ್ಳಬಹುದೇ? ಐದನೆಯದು ಹಳೆಯ ಮಾತು. ಹೋದ ವರ್ಷ ಹೀಗೇಕೆ ತೀರ್ಮಾನಿಸಿದೆವು ಎಂಬುದು ನಿನ್ನೆ ಸೇರಿದವರಿಗೂ ಸಿಗಬೇಕು. ಕೊನೆಗೆ ಖರ್ಚು, ದುಡ್ಡಿನದು ಮತ್ತು ಅಭ್ಯಾಸದ್ದು ಎರಡೂ.

ಇವೆಲ್ಲ ಸಮಾನ ತೂಕದವಲ್ಲ. ನನ್ನ ಮಟ್ಟಿಗೆ ಹೊರಗಿನವರ ಪ್ರಶ್ನೆ ಮತ್ತು ಅಭ್ಯಾಸದ ಪ್ರಶ್ನೆ ಉಳಿದವನ್ನೆಲ್ಲ ಮೀರಿಸುತ್ತವೆ. ಆರು ಜನರಲ್ಲಿ ನಾಲ್ವರು ಮಾತ್ರ ಬಳಸುವ ಒಳ್ಳೆಯ ಸಾಧನಕ್ಕಿಂತ ಆರೂ ಜನ ಬಳಸುವ ಸಾಧಾರಣ ಸಾಧನ ಮೇಲು. ನಾಲ್ವರು ಮಾತ್ರ ಬಳಸಿದರೆ ಈಗ ಒಂದರ ಬದಲು ಎರಡು ಕಡೆ ಹುಡುಕಬೇಕಾಗುತ್ತದೆ, ಅಷ್ಟೇ ಲಾಭ.

ಬರೀ ಮೇಲ್, ಆದರೆ ಕಟ್ಟುಪಾಡಿನೊಂದಿಗೆ

ಮೇಲ್ ಹಳೆಯದಾಯಿತು ಎಂದು ತಳ್ಳಿಹಾಕುವವರಿಗೆ ಲಿನಕ್ಸ್ ಕರ್ನೆಲ್, ಅಂದರೆ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳನ್ನು, ತೋರಿಸಬೇಕು. ಜಗತ್ತಿನ ಬೇರೆ ಬೇರೆ ಕಡೆಯ ಸಾವಿರಾರು ಮಂದಿ ಸೇರಿ ಬರೆಯುವ ಈ ತಂತ್ರಾಂಶದ ತಿದ್ದುಪಡಿಗಳು ಇಂದಿಗೂ ಮೇಲಿಂಗ್ ಲಿಸ್ಟ್‌ಗಳಲ್ಲಿ (ಒಂದು ವಿಳಾಸಕ್ಕೆ ಬರೆದರೆ ಸೇರಿದವರೆಲ್ಲರಿಗೂ ಹೋಗುವ ಏರ್ಪಾಡು) ಮೇಲ್ ರೂಪದಲ್ಲೇ ಓಡಾಡುತ್ತವೆ, ಚರ್ಚೆಯೂ ಅಲ್ಲೇ. ಆದರೆ ಹಿಂದೆ ಏನಿದೆ ನೋಡಿ. ಯಾವ ಭಾಗಕ್ಕೆ ಯಾರು ಹೊಣೆ ಎಂದು ಬರೆದಿಟ್ಟ ಕಡತವೊಂದಿದೆ. ಪರಿಶೀಲಿಸಿದವರು ತಮ್ಮ ಹೆಸರನ್ನು ನಿಗದಿತ ಒಕ್ಕಣೆಯಲ್ಲಿ ಸೇರಿಸುತ್ತಾರೆ. ಹಲವು ವಿಭಾಗಗಳವರು ಪ್ಯಾಚ್‌ವರ್ಕ್ ಎಂಬ ಸಾಧನ ಇಟ್ಟುಕೊಂಡಿದ್ದಾರೆ, ಅದು ಮೇಲ್‌ಗಳನ್ನು ಓದಿ ಯಾವ ತಿದ್ದುಪಡಿ ಯಾವ ಹಂತದಲ್ಲಿದೆ ಎಂದು ಪಟ್ಟಿ ಮಾಡುತ್ತದೆ. ಲಿನಕ್ಸ್ ಆಧಾರಿತ ಆಪರೇಟಿಂಗ್ ಸಿಸ್ಟಮ್ ಮಾಡುವ ಡೆಬಿಯನ್ ಯೋಜನೆಯ ದೋಷಪಟ್ಟಿ ಇನ್ನೂ ಸ್ವಾರಸ್ಯ. ಪ್ರತಿ ದೋಷಕ್ಕೂ ಒಂದು ನಂಬರ್, ಆ ನಂಬರಿಗೊಂದು ಮೇಲ್ ವಿಳಾಸ. ನಂಬರಿನ ಮುಂದೆ ‘ಡನ್’ ಎಂದು ಸೇರಿಸಿದ ವಿಳಾಸಕ್ಕೆ ಬರೆದರೆ ಆ ದೋಷ ಮುಗಿಯಿತು ಎಂದು ದಾಖಲಾಗುತ್ತದೆ.

ಅಂದರೆ ಮೇಲ್‌ನಲ್ಲಿ ದೊಡ್ಡ ಕೆಲಸ ನಡೆಯುತ್ತದೆ. ಹೆಸರು, ನಂಬರ್, ಸ್ಥಿತಿ ಈ ಮೂರು ಮೇಲ್‌ನ ಹೊರಗೆ ಎಲ್ಲೋ ಒಂದು ಕಡೆ ಬರೆದಿದ್ದರೆ ಮಾತ್ರ.

ಸಣ್ಣ ತಂಡಕ್ಕೆ ಅಷ್ಟು ಏರ್ಪಾಡು ಬೇಡ, ಕೆಲವು ಕಟ್ಟುಪಾಡು ಸಾಕು. ‘ಟು’ ಜಾಗದಲ್ಲಿ ಒಬ್ಬರ ಹೆಸರು ಮಾತ್ರ ಇರಲಿ: ಕೆಲಸ ಮಾಡಬೇಕಾದವರದ್ದು. ಉಳಿದವರು ಸಿಸಿಯಲ್ಲಿ, ಅಂದರೆ ತಿಳಿದಿರಲಿ ಎಂದಷ್ಟೇ. ಐವರನ್ನು ‘ಟು’ನಲ್ಲಿ ಹಾಕಿ ‘ದಯವಿಟ್ಟು ಯಾರಾದರೂ ನೋಡಿ’ ಎಂದು ಬರೆದರೆ, ಹತ್ತು ಜನ ಸೇರಿದಲ್ಲಿ ಹಾವು ಸಾಯದು ಅನ್ನುತ್ತಾರಲ್ಲ, ಅದೇ ಆಗುತ್ತದೆ. ಸಬ್ಜೆಕ್ಟ್‌ನಲ್ಲಿ ಏನು ಮಾಡಬೇಕು, ಯಾವತ್ತಿನೊಳಗೆ ಎಂಬುದು ಬರಲಿ. ‘ವರದಿ ಬಗ್ಗೆ’ ಎಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ‘ವಾರ್ಷಿಕ ವರದಿಯ 3ನೇ ಅಧ್ಯಾಯ ತಿದ್ದಿ ಕೊಡಿ, ಶುಕ್ರವಾರದೊಳಗೆ’ ಎಂದರೆ ಮೇಲ್ ತೆರೆಯುವ ಮೊದಲೇ ಕೆಲಸ ಗೊತ್ತಾಯಿತು.

ಒಂದು ಮೇಲ್‌ಗೆ ಒಂದೇ ಕೆಲಸ. ಮೂರು ಕೆಲಸ ಹೇಳಿದರೆ ಉತ್ತರ ಬರುವುದು ಸುಲಭದ್ದಕ್ಕೆ, ಉಳಿದೆರಡು ಅಲ್ಲೇ ಹೂತುಹೋಗುತ್ತವೆ. ಹೊಸ ಕೆಲಸಕ್ಕೆ ಹೊಸ ಮೇಲ್ ಬರೆಯಿರಿ. ವಿಳಾಸ ಹುಡುಕುವ ಸೋಮಾರಿತನಕ್ಕೆ ಹಳೆಯ ಮೇಲ್‌ಗೇ ರಿಪ್ಲೈ ಒತ್ತಿ ಹೊಸ ವಿಷಯ ಬರೆಯುವುದು ಬಹಳ ಜನರ ರೂಢಿ. ಪ್ರತಿ ಉತ್ತರದ ತಲೆಬರಹದಲ್ಲೂ ಅದು ಯಾವ ಮೇಲ್‌ಗೆ ಉತ್ತರ ಎಂಬ ಗುರುತು ಅಡಗಿರುತ್ತದೆ. ಹಾಗಾಗಿ ಕೆಲವು ಮೇಲ್ ತಂತ್ರಾಂಶಗಳು ಸಬ್ಜೆಕ್ಟ್ ಬದಲಿಸಿದರೂ ಅದನ್ನು ಹಳೆಯ ಸರಣಿಗೇ ಕಟ್ಟಿಹಾಕುತ್ತವೆ. ಜಿಮೇಲ್ ತದ್ವಿರುದ್ಧ: ಸಬ್ಜೆಕ್ಟ್ ಬದಲಾದರೆ, ಅಥವಾ ಸರಣಿ 100 ಮೇಲ್ ದಾಟಿದರೆ, ಬೇರೆ ಸರಣಿ ಮಾಡಿಬಿಡುತ್ತದೆ. ಒಂದೇ ಮಾತುಕತೆ ನಿಮಗೆ ಒಂದು ರೀತಿ, ಸಹೋದ್ಯೋಗಿಗೆ ಇನ್ನೊಂದು ರೀತಿ ಕಾಣುವುದು ಹೀಗೆ.

ಅಟ್ಯಾಚ್‌ಮೆಂಟ್ ವಿಷಯದಲ್ಲಿ ಜಿಮೇಲ್‌ನ 25 ಎಂಬಿ ಮಿತಿಯನ್ನೇ ಎಲ್ಲರೂ ದೂರುತ್ತಾರೆ. ನನಗೆ ಕಾಣುವ ದೊಡ್ಡ ತೊಂದರೆ ಬೇರೆ. ‘ಅಂತಿಮ’, ‘ಅಂತಿಮ-2’, ‘ನಿಜವಾದ ಅಂತಿಮ’ ಎಂದು ಒಂದೇ ಕಡತ ನಾಲ್ಕು ರೂಪ ತಾಳಿ, ಇಬ್ಬರು ಬೇರೆ ಬೇರೆ ರೂಪಗಳನ್ನು ತಿದ್ದುತ್ತ ಕೂರುವುದು. ಕಡತವನ್ನು ಹಂಚಿಕೊಂಡ ಡ್ರೈವ್‌ನಲ್ಲಿಟ್ಟು ಲಿಂಕ್ ಮಾತ್ರ ಕಳಿಸಿದರೆ ಇದು ಅಲ್ಲಿಗೇ ನಿಲ್ಲುತ್ತದೆ.

ಗಡುವಿಗೆ ಮೇಲ್‌ನಲ್ಲಿ ಅರ್ಧ ಪರಿಹಾರ ಮಾತ್ರ ಇದೆ. ಜಿಮೇಲ್‌ನಲ್ಲಿ ಸ್ನೂಜ್ ಮಾಡಬಹುದು (ಹೇಳಿದ ಹೊತ್ತಿಗೆ ಮೇಲ್ ಮತ್ತೆ ಎದುರಿಗೆ ಬರುತ್ತದೆ), ಮೇಲನ್ನು ಟಾಸ್ಕ್ ಪಟ್ಟಿಗೆ ಸೇರಿಸಬಹುದು. ಔಟ್‌ಲುಕ್‌ನಲ್ಲಿ ಫ್ಲ್ಯಾಗ್ ಹಾಕಿದ ಮೇಲ್ ಮೈಕ್ರೋಸಾಫ್ಟ್ ಟು ಡು ಪಟ್ಟಿಯಲ್ಲಿ ಕಾಣುವಂತೆ ಮಾಡಿಕೊಳ್ಳಬಹುದು. ಇವೆಲ್ಲ ನಿಮ್ಮ ನೆನಪಿಗೆ, ತಂಡದ ನೆನಪಿಗಲ್ಲ. ಬೇರೆಯವರಿಗೆ ಒಪ್ಪಿಸಿದ ಕೆಲಸಗಳಿಗೆ ‘ಕಾಯುತ್ತಿರುವುದು’ ಎಂಬ ಲೇಬಲ್ ಮಾಡಿಕೊಂಡು ವಾರಕ್ಕೊಮ್ಮೆ ಅದನ್ನು ತೆರೆಯುವುದೇ ನನಗೆ ಗೊತ್ತಿರುವ ಉತ್ತಮ ಉಪಾಯ.

ಹೊರಗಿನವರ ವಿಷಯದಲ್ಲಿ ಮೇಲ್‌ಗೆ ಸಾಟಿಯಿಲ್ಲ. ಯಾವ ಕಂಪನಿಯ ಮೇಲ್‌ನಿಂದ ಯಾವ ಕಂಪನಿಯ ಮೇಲ್‌ಗೂ ಹೋಗುತ್ತದೆ, ಯಾರಿಗೂ ಕಲಿಸಬೇಕಿಲ್ಲ. ಸೋಲುವುದು ಹೊಸಬರ ವಿಷಯದಲ್ಲಿ. ಅವರ ಇನ್‌ಬಾಕ್ಸ್ ಖಾಲಿ, ಹಳೆಯ ಮಾತೆಲ್ಲ ಬೇರೆಯವರ ಪೆಟ್ಟಿಗೆಯಲ್ಲಿ. ಐದು ಜನ, ಒಂದು ಸಲಕ್ಕೆ ಹದಿನೈದರಷ್ಟು ಕೆಲಸ: ನನ್ನ ಅಂದಾಜಿನಲ್ಲಿ ಬರೀ ಮೇಲ್‌ನ ಎಲ್ಲೆ ಇದು. ಅದನ್ನು ದಾಟಿದ ಮೇಲೆ ಎಷ್ಟೇ ಕಟ್ಟುಪಾಡು ಮಾಡಿದರೂ ಸೋರುತ್ತದೆ.

ಎಲ್ಲರಿಗೂ ಒಂದೇ ಇನ್‌ಬಾಕ್ಸ್

ಕೆಲಸ ಹೊರಗಿನಿಂದ ಬರುವ ಕಡೆ, ಅಂದರೆ ವಿಚಾರಣೆ, ಅರ್ಜಿ, ದೂರು, ಬಿಲ್ಲು ಇಂಥವುಗಳಿಗೆ, ಇದು ಸರಿ. ಒಂದು ವಿಳಾಸ, ನಾಲ್ಕು ಜನ ನೋಡುವವರು. ಗೂಗಲ್ ಗ್ರೂಪ್ಸ್‌ನಲ್ಲಿ ಗುಂಪನ್ನು ಸಹಯೋಗದ ಇನ್‌ಬಾಕ್ಸ್ ಆಗಿ ಬದಲಿಸಿಕೊಂಡರೆ ಪ್ರತಿ ಮಾತುಕತೆಯನ್ನೂ ಒಬ್ಬರಿಗೆ ಒಪ್ಪಿಸಬಹುದು, ಮುಗಿಯಿತು ಎಂದೋ ಇದೇ ಪ್ರಶ್ನೆ ಮೊದಲೇ ಬಂದಿತ್ತು ಎಂದೋ ಗುರುತು ಹಾಕಬಹುದು. ಮೈಕ್ರೋಸಾಫ್ಟ್ 365ರ ಹಂಚಿಕೆಯ ಮೇಲ್‌ಬಾಕ್ಸ್‌ಗೆ 50 ಜಿಬಿವರೆಗೆ ಪ್ರತ್ಯೇಕ ಲೈಸೆನ್ಸ್ ಬೇಕಿಲ್ಲ, ಅದನ್ನು ತೆರೆಯುವ ಪ್ರತಿಯೊಬ್ಬರಿಗೂ ಅವರದೇ ಲೈಸೆನ್ಸ್ ಇರಬೇಕು. ಅಲ್ಲಿ ‘ಇದು ಇಂಥವರದು’ ಎಂದು ಹೇಳಲು ಬಣ್ಣದ ಕೆಟಗರಿಗಳನ್ನೇ ಬಳಸಬೇಕು. ಒಬ್ಬೊಬ್ಬರಿಗೆ ಒಂದು ಬಣ್ಣ ಎಂದು ಮೊದಲೇ ಮಾತಾಗಿರಲಿ.

ಇಲ್ಲಿ ಬಹಳ ತಂಡಗಳು ಹಿಡಿಯುವ ಅಡ್ಡದಾರಿ ಒಂದಿದೆ: ಒಂದು ಸಾಮಾನ್ಯ ಖಾತೆ ತೆರೆದು ಪಾಸ್‌ವರ್ಡನ್ನು ಎಲ್ಲರಿಗೂ ಹಂಚುವುದು. ದಯವಿಟ್ಟು ಬೇಡ. ಲಾಗಿನ್ ಕೋಡ್ ಯಾರೋ ಒಬ್ಬರ ಫೋನಿಗೆ ಹೋಗುತ್ತದೆ, ಅವರು ರಜೆಯಲ್ಲಿದ್ದರೆ ಎಲ್ಲರೂ ಹೊರಗೆ. ಉತ್ತರ ಬರೆದವರು ಯಾರು ಎಂದು ತಿಳಿಯುವುದಿಲ್ಲ. ಒಬ್ಬರು ಕೆಲಸ ಬಿಟ್ಟಾಗಲೆಲ್ಲ ಪಾಸ್‌ವರ್ಡ್ ಬದಲಿಸಿ ಎಲ್ಲರಿಗೂ ಮತ್ತೆ ಹೇಳಬೇಕು, ಯಾರೂ ಬದಲಿಸುವುದಿಲ್ಲ.

ಇನ್ನೊಂದು ಕಷ್ಟ, ಒಂದೇ ಮೇಲ್‌ಗೆ ಇಬ್ಬರು ಉತ್ತರಿಸುವುದು. ಫ್ರಂಟ್, ಹೆಲ್ಪ್ ಸ್ಕೌಟ್‌ನಂಥ ಸೇವೆಗಳು ‘ಇದಕ್ಕೆ ಇಂಥವರು ಈಗ ಉತ್ತರ ಬರೆಯುತ್ತಿದ್ದಾರೆ’ ಎಂದು ತೋರಿಸುತ್ತವೆ. ಗ್ರಾಹಕರಿಗೆ ಕಾಣದಂತೆ ಮೇಲ್‌ನ ಪಕ್ಕದಲ್ಲೇ ತಂಡದವರು ಮಾತಾಡಿಕೊಳ್ಳಬಹುದು. ದಿನಕ್ಕೆ ನಾಲ್ಕೈದು ಮೇಲ್ ಬರುವ ಕಡೆ ಇದಕ್ಕೆ ಹಣ ಕೊಡುವುದು ದಂಡ. ನಲವತ್ತು ಬಂದರೆ, ಎರಡು ಸಲ ಉತ್ತರ ಹೋಗಿ ಆದ ಮುಜುಗರದ ಲೆಕ್ಕ ಹಾಕಿದಾಗ ದುಬಾರಿ ಅನ್ನಿಸುವುದಿಲ್ಲ.

ತಂಡದ ಒಳಗಿನ, ವಾರಗಟ್ಟಲೆ ನಡೆಯುವ ಕೆಲಸಕ್ಕೆ ಹಂಚಿಕೆಯ ಇನ್‌ಬಾಕ್ಸ್ ಹೊಂದುವುದಿಲ್ಲ. ಅದು ಬಂದದ್ದಕ್ಕೆ ಉತ್ತರಿಸಿ ಮುಗಿಸುವ ಜಾಗ.

ಚಾಟ್

ಬೇಗ ಕೇಳಿ ಬೇಗ ತಿಳಿಯಲು ಚಾಟ್‌ಗಿಂತ ಒಳ್ಳೆಯದಿಲ್ಲ. ಕೆಲಸ ಒಪ್ಪಿಸಲು ಅದಕ್ಕಿಂತ ಕೆಟ್ಟದ್ದೂ ಇಲ್ಲ. ಬೆಳಿಗ್ಗೆ ಹೇಳಿದ ಕೆಲಸ ಮಧ್ಯಾಹ್ನದ ಹೊತ್ತಿಗೆ ಮೇಲೆ ಎಲ್ಲೋ ಹೋಗಿರುತ್ತದೆ, ಹೆಬ್ಬೆರಳಿನ ಗುರುತು ಹಾಕಿದವರು ಒಪ್ಪಿದರೋ ಬರೀ ನೋಡಿದರೋ ತಿಳಿಯದು. ಸ್ಲ್ಯಾಕ್ ಎಂಬ ಚಾಟ್ ಸೇವೆಯ ಉಚಿತ ಯೋಜನೆಯಲ್ಲಿ ಕೊನೆಯ 90 ದಿನಗಳ ಮಾತು ಮಾತ್ರ ಕಾಣುತ್ತದೆ ಎಂಬುದನ್ನು ಗಮನಿಸಿ. ಹೋದ ವರ್ಷದ ತೀರ್ಮಾನ ಅಲ್ಲಿದ್ದರೆ ಅದು ನಿಮಗಿಲ್ಲ. ಚಾಟ್ ಇಟ್ಟುಕೊಳ್ಳಿ. ಅಲ್ಲಿ ಆದ ತೀರ್ಮಾನವನ್ನು, ಆಡಿದವರೇ, ಮೇಲ್‌ನಲ್ಲೋ ಪಟ್ಟಿಯಲ್ಲೋ ಬರೆಯಬೇಕು ಎಂಬ ನಿಯಮದ ಜೊತೆಗೆ.

ಹಂಚಿಕೊಂಡ ಸ್ಪ್ರೆಡ್‌ಶೀಟ್

ಯಾರೂ ಹೆಮ್ಮೆಯಿಂದ ಹೇಳಿಕೊಳ್ಳದ ಈ ಉಪಾಯ ನನ್ನ ಮೆಚ್ಚಿನದು. ನಂಬರ್, ಕೆಲಸ, ಯಾರು, ಯಾವತ್ತಿನೊಳಗೆ, ಸ್ಥಿತಿ, ಇಷ್ಟೇ ಕಾಲಂಗಳು. ಆರನೆಯದು ಬೇಕು ಎನ್ನುವವರನ್ನು ಸ್ವಲ್ಪ ದಿನ ತಡೆಯಿರಿ. ಕಾಲಂ ಹೆಚ್ಚಿದಷ್ಟೂ ತುಂಬುವವರು ಕಡಿಮೆ.

ಇದು ಮೇಲ್‌ನ ಬದಲಿ ಅಲ್ಲ, ಜೊತೆಗಾರ. ಮಾತುಕತೆ ಮೇಲ್‌ನಲ್ಲೇ ನಡೆಯಲಿ. ಸ್ಥಿತಿ ಮಾತ್ರ ಹಾಳೆಯಲ್ಲಿ. ಸಾಲಿನ ನಂಬರನ್ನು ಮೇಲ್‌ನ ಸಬ್ಜೆಕ್ಟ್‌ನಲ್ಲಿ ಹಾಕಿದರೆ (‘ಕೆಲಸ 27: ಮುಖಪುಟದ ಚಿತ್ರ’) ವರ್ಷದ ಮೇಲೂ 27 ಎಂದು ಹುಡುಕಿ ಇಡೀ ಚರ್ಚೆ ತೆಗೆಯಬಹುದು. ಡೆಬಿಯನ್‌ನವರ ಉಪಾಯವನ್ನು ನಾವು ಕೈಯಲ್ಲಿ ಮಾಡಿದಂತಾಯಿತು. ಗೂಗಲ್ ಶೀಟ್ಸ್‌ನಲ್ಲಿ ಕಾಮೆಂಟ್ ಬರೆದು ಒಬ್ಬರ ಹೆಸರಿಗೆ ಒಪ್ಪಿಸಿದರೆ ಅವರಿಗೆ ಮೇಲ್ ಹೋಗುತ್ತದೆ, ಯಾರು ಯಾವಾಗ ಏನು ಬದಲಿಸಿದರು ಎಂಬ ಇತಿಹಾಸವೂ ಉಳಿಯುತ್ತದೆ. ಹೊರಗಿನವರಿಗೆ ನೋಡಲು ಮಾತ್ರ ಲಿಂಕ್ ಕೊಡಬಹುದು. ಖರ್ಚು ಇಲ್ಲವೆಂದೇ ಹೇಳಬೇಕು.

ಕೊರತೆಗಳೂ ಇವೆ. ಹಾಳೆ ತಾನಾಗಿ ನೆನಪಿಸುವುದಿಲ್ಲ. ಅವಸರದಲ್ಲಿ ಒಂದೇ ಕಾಲಂ ಆರಿಸಿ ವಿಂಗಡಿಸಿದರೆ ಕೆಲಸಗಳೂ ಹೆಸರುಗಳೂ ಕಲಸಿಹೋಗುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಒಬ್ಬರು ವಾರಕ್ಕೊಮ್ಮೆ ಸಾಲು ಸಾಲು ನೋಡಿ ನಿಂತ ಕೆಲಸಗಳ ಬಗ್ಗೆ ಕೇಳದಿದ್ದರೆ ಹಾಳೆ ಎರಡು ತಿಂಗಳಲ್ಲಿ ಸತ್ತಿರುತ್ತದೆ. ಆ ಒಬ್ಬರು ಯಾರು ಎಂದು ಹಾಳೆ ಮಾಡುವ ದಿನವೇ ಗೊತ್ತುಮಾಡಿ. ನೂರು ಸಾಲಿನವರೆಗೆ ಧಾರಾಳವಾಗಿ ನಡೆಯುತ್ತದೆ.

ಬೋರ್ಡ್‌ಗಳು: ಟ್ರೆಲ್ಲೋ, ಆಸನಾ, ಪ್ಲ್ಯಾನರ್

ಒಂದು ಕೆಲಸ ಕೈಯಿಂದ ಕೈಗೆ ಹಂತ ಹಂತವಾಗಿ ಸಾಗುವುದಾದರೆ ಬೋರ್ಡ್ ಬೆಲೆ ಗೊತ್ತಾಗುತ್ತದೆ. ಬರೆಯುವವರು, ತಿದ್ದುವವರು, ವಿನ್ಯಾಸದವರು, ಪ್ರಕಟಿಸುವವರು: ಪ್ರತಿ ಹಂತಕ್ಕೊಂದು ಪಟ್ಟಿ, ಕೆಲಸ ಒಂದು ಕಾರ್ಡ್, ಕಾರ್ಡ್ ಎಡದಿಂದ ಬಲಕ್ಕೆ ಸರಿಯುತ್ತದೆ. ತಿದ್ದುವ ಪಟ್ಟಿಯಲ್ಲಿ ಕಾರ್ಡ್‌ಗಳು ಕಟ್ಟಿಕೊಂಡಿವೆಯೆಂದರೆ ತಡವಾಗುತ್ತಿರುವುದು ಎಲ್ಲಿ ಎಂದು ಯಾರೂ ವಿವರಿಸಬೇಕಿಲ್ಲ. ಹಂತಗಳೇ ಇಲ್ಲದ, ಒಬ್ಬರೇ ಮಾಡಿ ಮುಗಿಸುವ ಕೆಲಸಗಳಿಗೆ ಬೋರ್ಡ್ ಹಾಕಿದರೆ ‘ಮಾಡಬೇಕಾದ್ದು’, ‘ಆಗಿದ್ದು’ ಎಂಬ ಎರಡೇ ಪಟ್ಟಿ ಉಳಿಯುತ್ತದೆ. ಅದಕ್ಕೆ ಹಾಳೆಯೇ ಸಾಕಿತ್ತು.

ಮೇಲ್ ಬಿಡಲಾಗದವರಿಗೂ ಇಲ್ಲಿ ದಾರಿಯಿದೆ. ಟ್ರೆಲ್ಲೋದ ಬೋರ್ಡ್‌ಗೆ ಕಾರ್ಡ್ ಸೇರಿಸಲೆಂದೇ ಒಂದು ಮೇಲ್ ವಿಳಾಸ ಸಿಗುತ್ತದೆ. ಬಂದ ಮೇಲನ್ನು ಅದಕ್ಕೆ ಫಾರ್ವರ್ಡ್ ಮಾಡಿದರೆ ಸಬ್ಜೆಕ್ಟ್ ಕಾರ್ಡಿನ ಹೆಸರಾಗುತ್ತದೆ, ಒಳಗಿನ ಬರಹ ವಿವರಣೆಯಾಗುತ್ತದೆ. ಆಸನಾದಲ್ಲೂ ಮೇಲ್ ಕಳಿಸಿ ಕೆಲಸ ಸೇರಿಸಬಹುದು. ಪ್ಲ್ಯಾನರ್ ಮೈಕ್ರೋಸಾಫ್ಟ್ 365ರ ಹಲವು ಕಚೇರಿ ಯೋಜನೆಗಳ ಜೊತೆಯಲ್ಲೇ ಬರುತ್ತದೆ. ನಿಮ್ಮ ಸಂಸ್ಥೆ ಅದಕ್ಕೆ ಈಗಾಗಲೇ ಹಣ ಕೊಡುತ್ತಿದ್ದರೆ ಬೇರೆ ಕಡೆ ನೋಡುವ ಮೊದಲು ಅದನ್ನು ತೆರೆದು ನೋಡಿ.

ಖರ್ಚಿನಲ್ಲಿ ಎಚ್ಚರ ಬೇಕು. ಇವುಗಳ ಹಣದ ಯೋಜನೆಗಳು ಸಾಮಾನ್ಯವಾಗಿ ತಲೆಗಿಷ್ಟು, ತಿಂಗಳಿಗಿಷ್ಟು ಎಂಬ ಲೆಕ್ಕದವು. ಉಚಿತ ಯೋಜನೆಯ ಮಿತಿಗಳು ಬದಲಾಗುತ್ತಿರುತ್ತವೆ, ಆದ್ದರಿಂದ ಸೇರುವ ದಿನ ನೋಡಿಕೊಳ್ಳಿ. ಇವತ್ತಿನ ನಾಲ್ಕು ಜನರ ಲೆಕ್ಕ ಹಾಕಬೇಡಿ, ಮುಂದಿನ ವರ್ಷದ ಹನ್ನೆರಡು ಜನರ ಲೆಕ್ಕ ಹಾಕಿ. ಇನ್ನೊಂದು: ಕಾರ್ಡ್ ಅಲುಗಿದಾಗಲೆಲ್ಲ ಸೂಚನೆಯ ಮೇಲ್ ಬರಬಹುದು. ಮೇಲ್ ಕಡಿಮೆ ಮಾಡಲೆಂದು ಬೋರ್ಡ್ ತಂದವರ ಇನ್‌ಬಾಕ್ಸ್ ಮೊದಲಿಗಿಂತ ತುಂಬುವುದು ಇದರಿಂದ. ತಮ್ಮ ಹೆಸರಿಗೆ ಬಂದ ಕೆಲಸ ಮತ್ತು ಗಡುವಿನ ಸೂಚನೆ ಬಿಟ್ಟು ಉಳಿದದ್ದನ್ನು ಮೊದಲ ದಿನವೇ ನಿಲ್ಲಿಸಿ.

ಟಿಕೆಟ್ ವ್ಯವಸ್ಥೆ

ತಿಂಗಳಿಗೆ ನೂರಾರು ಕೋರಿಕೆಗಳು, ಇಂತಿಷ್ಟು ಹೊತ್ತಿನಲ್ಲಿ ಉತ್ತರಿಸುವ ಕರಾರು, ಯಾರು ಯಾವಾಗ ಏನು ಮಾಡಿದರು ಎಂಬ ಲೆಕ್ಕ ಕೇಳುವವರು, ಈ ಮೂರರಲ್ಲಿ ಎರಡಿದ್ದರೆ ಇಲ್ಲಿಗೆ ಬನ್ನಿ. ಬಂದ ಪ್ರತಿ ಕೋರಿಕೆಯೂ ಇಲ್ಲಿ ನಂಬರಿರುವ ಒಂದು ‘ಟಿಕೆಟ್’. ಹೊರಗಿನವರಿಗೆ ಇದು ಬರೀ ಮೇಲ್: ಬರೆಯುತ್ತಾರೆ, ನಂಬರ್ ಸಿಗುತ್ತದೆ, ಉತ್ತರ ಮೇಲ್‌ನಲ್ಲೇ ಬರುತ್ತದೆ. ಒಳಗಿನವರಿಗೆ ಹೆಸರು, ಸ್ಥಿತಿ, ಗಡುವು ಎಲ್ಲ ಕಾಣುತ್ತದೆ. ರಿಕ್ವೆಸ್ಟ್ ಟ್ರ್ಯಾಕರ್, ಓಎಸ್‌ಟಿಕೆಟ್, ಝಮ್ಮಾಡ್ ಮುಕ್ತ ತಂತ್ರಾಂಶಗಳು, ಅಂದರೆ ತಂತ್ರಾಂಶಕ್ಕೆ ಹಣವಿಲ್ಲ. ಸರ್ವರ್, ಬ್ಯಾಕಪ್, ಅಪ್‌ಡೇಟ್ ನೋಡಿಕೊಳ್ಳುವವರಿಗೆ ಕೊಡಬೇಕು. ಅಂಥವರು ಇಲ್ಲದ ತಂಡ ಇದನ್ನು ಉಚಿತ ಎಂದು ಎಣಿಸಬಾರದು. ತಂತ್ರಾಂಶ ಬರೆಯುವ ತಂಡಗಳಿಗೆ ಜಿರಾ, ಗಿಟ್‌ಹಬ್ ಇಶ್ಯೂಸ್ ಇವೆ. ಬೇರೆ ಕೆಲಸದವರು ಜಿರಾಗೆ ಹೋಗಿ ಅದರ ಆಯ್ಕೆಗಳ ನಡುವೆ ಕಳೆದುಹೋಗುವ ಅಗತ್ಯವಿಲ್ಲ.

ನಿಮ್ಮ ಪರಿಸ್ಥಿತಿಗೆ

ಇಬ್ಬರು ಮೂವರು, ಗ್ರಾಹಕರೆಲ್ಲ ಮೇಲ್‌ನಲ್ಲೇ ಇರುವವರು: ಕಟ್ಟುಪಾಡಿನ ಮೇಲ್. ಬೇರೇನೂ ಬೇಡ.

ಸ್ವಯಂಸೇವಕರ ಗುಂಪು, ಹಣವಿಲ್ಲ, ವಯಸ್ಸು ಅಭ್ಯಾಸ ಎಲ್ಲ ಬೇರೆ ಬೇರೆ: ಮೇಲ್ ಮತ್ತು ಹಾಳೆ. ಹೊಸ ಆ್ಯಪ್ ಎಂದ ಕೂಡಲೇ ಅರ್ಧ ಜನ ಮೌನವಾಗಿ ಹಿಂದೆ ಸರಿಯುತ್ತಾರೆ, ಹೇಳುವುದೂ ಇಲ್ಲ. ಸಮಯ ವಲಯಗಳು ಬೇರೆಯಾಗಿರುವ ತಂಡಕ್ಕೂ ಇದೇ ಜೋಡಿ. ನೀವು ಮಲಗಿದ್ದಾಗ ನಡೆದ ಚಾಟ್‌ಗಿಂತ ಎದ್ದಾಗ ಕಾಯುತ್ತಿರುವ ಒಂದು ಪೂರ್ಣ ಮೇಲ್ ಓದಲು ಹಿತ.

ಹೊರಗಿನವರ ಪ್ರಶ್ನೆಗಳೇ ಕೆಲಸವಾದರೆ ಹಂಚಿಕೆಯ ಇನ್‌ಬಾಕ್ಸ್‌ನಿಂದ ಶುರುಮಾಡಿ. ‘ನನ್ನ ಪ್ರಶ್ನೆ ಏನಾಯಿತು?’ ಎಂಬ ಎರಡನೇ ಮೇಲ್‌ಗಳು ಹೆಚ್ಚುತ್ತಿದ್ದರೆ ಟಿಕೆಟ್‌ಗೆ ಹೋಗುವ ಕಾಲ ಬಂತು. ಪ್ರಕಟಣೆ, ವಿನ್ಯಾಸ, ಕಾರ್ಯಕ್ರಮ ಆಯೋಜನೆಯಂಥ ಹಂತದ ಕೆಲಸಕ್ಕೆ ಬೋರ್ಡ್. ಸಿಬ್ಬಂದಿಯ ದೂರು, ಆರೋಗ್ಯ, ಕಾನೂನಿನ ವಿಷಯಗಳನ್ನು ಮಾತ್ರ ಎಲ್ಲರೂ ಇಣುಕುವ ಬೋರ್ಡ್‌ನಲ್ಲೋ ಹಾಳೆಯಲ್ಲೋ ಹಾಕಬೇಡಿ. ಅದಕ್ಕೆ ನೋಡುವ ಹಕ್ಕು ಸೀಮಿತವಾಗಿರುವ ಜಾಗವೇ ಆಗಬೇಕು.

ಮೇಲಧಿಕಾರಿಗೆ ಪ್ರಗತಿ ಕಾಣಬೇಕು ಎಂಬುದೊಂದೇ ಕಾರಣವಾಗಿದ್ದರೆ ಏನನ್ನೂ ಕೊಳ್ಳಬೇಡಿ. ಎಷ್ಟೋ ಸಾಧನಗಳು ಕಚೇರಿಗೆ ಬರುವುದು ಇದೇ ಕಾರಣಕ್ಕೆ, ಕೆಲಸ ಮಾಡುವವರಿಗೆ ತುಂಬುವ ಹೊರೆ ಮಾತ್ರ ಉಳಿಯುತ್ತದೆ. ಶುಕ್ರವಾರ ಹತ್ತು ಸಾಲಿನ ಒಂದು ಮೇಲ್ ಬರೆದರೆ ಅವರಿಗೂ ಸಾಕು.

ಯಾವುದನ್ನೇ ಆರಿಸಿದರೂ ಇಡೀ ಕಚೇರಿಗೆ ಒಮ್ಮೆಲೇ ತರಬೇಡಿ, ಒಂದೇ ಕೆಲಸಕ್ಕೆ ಒಂದು ತಿಂಗಳು ನೋಡಿ. ಹಳೆಯ ಮೇಲ್‌ಗಳನ್ನು ಹೊಸ ಜಾಗಕ್ಕೆ ಸಾಗಿಸುವ ಶ್ರಮ ವ್ಯರ್ಥ. ಇನ್ನೂ ಮುಗಿಯದ ಕೆಲಸಗಳನ್ನು ಮಾತ್ರ ಬರೆದುಕೊಳ್ಳಿ. ಒಂದು ದಿನಾಂಕ ಗೊತ್ತುಮಾಡಿ, ಅಲ್ಲಿಂದಾಚೆಗೆ ಹೊಸ ಜಾಗದಲ್ಲಿ ಬರೆಯದ ಕೆಲಸ ಒಪ್ಪಿಸಿದಂತಲ್ಲ ಎಂದು ಎಲ್ಲರೂ ಒಪ್ಪಲಿ, ಮುಖ್ಯಸ್ಥರೂ ಸೇರಿ. ಹೊರಬರುವ ಬಾಗಿಲನ್ನೂ ಒಳಹೋಗುವ ಮೊದಲೇ ನೋಡಿಟ್ಟುಕೊಳ್ಳಿ. ಜಿಮೇಲ್‌ನ ಮೇಲ್‌ಗಳನ್ನು ಗೂಗಲ್ ಟೇಕ್‌ಔಟ್ ಮೂಲಕ ಇಳಿಸಿಕೊಳ್ಳಬಹುದು, ಹಾಳೆಯನ್ನು ಸಿಎಸ್‌ವಿ (ಸ್ಪ್ರೆಡ್‌ಶೀಟ್ ತಂತ್ರಾಂಶಗಳು ತೆರೆಯುವ ಸರಳ ಕಡತ) ಆಗಿ ಉಳಿಸಬಹುದು. ಟ್ರೆಲ್ಲೋದ ಉಚಿತ ಯೋಜನೆಯಲ್ಲಿ ಸಿಗುವುದು ಜೆಸನ್ ಕಡತ (ಮನುಷ್ಯರಿಗಿಂತ ತಂತ್ರಾಂಶಗಳಿಗೆ ಓದಲು ಸುಲಭವಾದ ರೂಪ), ಸಿಎಸ್‌ವಿಗೆ ಹಣದ ಯೋಜನೆ ಬೇಕು. ಪ್ರಯೋಗದ ತಿಂಗಳಲ್ಲೇ ಒಮ್ಮೆ ಹೀಗೆ ಇಳಿಸಿ, ತೆರೆದು, ಹೆಸರು ಗಡುವುಗಳೆಲ್ಲ ಓದುವಂತೆ ಬಂದಿವೆಯೇ ಎಂದು ನೋಡಿ. ಹಣ ಕಟ್ಟುವುದು ಅದಾದ ಮೇಲೆ.